ಬಣ್ಣ ನಿಲ್ಲದ ಬಂಪರ್

ಬಣ್ಣದ ಕೆಲಸದಲ್ಲಿ ಈ ನಂಜಣ್ಣನ ಕೈಗೆ ಹೆಸರಿಡುವವನು ಹುಣಸೂರಿನಲ್ಲಿ ಇನ್ನೂ ಹುಟ್ಟಿಲ್ಲ. ಜಂಬವಲ್ಲ ಸ್ವಾಮಿ, ಮೂವತ್ತೊಂದು ವರ್ಷದ ಕಸುಬು. ಲಾರಿಯಾಗಲಿ, ಟ್ರ್ಯಾಕ್ಟರಾಗಲಿ, ನಾನು ಒಮ್ಮೆ ಹೊಡೆದರೆ ಐದು ವರ್ಷ ಮಿಸುಕುವುದಿಲ್ಲ. ಅಂಥದ್ದರಲ್ಲಿ ಒಂದೇ ಒಂದು ಬಂಪರು ಮೂರು ಸಲ ಬಣ್ಣ ಕಳೆದುಕೊಂಡು ನನ್ನ ಮುಂದೆ ಬಂದು ನಿಂತಿತು. ಮೂರು ಸಲವೂ ಅದೇ ಜಾಗ. ನಟ್ಟನಡುವೆ, ಅಂಗೈಯಗಲ. ಸುತ್ತ ಒಂದು ಗೀರಿಲ್ಲ, ಆ ಅಂಗೈಯಗಲ ಮಾತ್ರ ಬೆಳಗಿದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಆ ಬಂಪರು ಮಾಡಿದವನು ನನ್ನ ಗೆಳೆಯ ಜಾನ್ ಪಾಷಾ. ಅವನ ವಿಷಯ ಹೇಳಬೇಕೆಂದರೆ ನಾನು ಇದನ್ನೇ ಹೇಳಬೇಕು.

ಪಾಷಾ ಮೊದಲು ಲಾರಿ ಬಾಡಿ ಕಟ್ಟುವ ಕಡೆ ಕೆಲಸಕ್ಕಿದ್ದ. ಸುತ್ತಿಗೆ ಸದ್ದಿಗೆ ಎಡಗಿವಿ ಹೋದ ಮೇಲೆ ಅದನ್ನು ಬಿಟ್ಟು ಮನೆಯ ಹಿತ್ತಿಲಿನಲ್ಲೇ, ನುಗ್ಗೆಮರದ ಕೆಳಗೆ ವೆಲ್ಡಿಂಗ್ ಮೆಷಿನ್ ಇಟ್ಟುಕೊಂಡ. ಬೋರ್ಡಿಲ್ಲ, ಅಂಗಡಿಯಿಲ್ಲ. ಆದರೂ ಕೊಡಗಿನ ಕಾಫಿ ತೋಟದವರು, ಪಿರಿಯಾಪಟ್ಟಣದ ಹೊಗೆಸೊಪ್ಪಿನವರು, ಕೆಸರಿನಲ್ಲಿ ಜೀಪು ಓಡಿಸುವ ಪಂದ್ಯದ ಹುಚ್ಚಿನವರು, ಎಲ್ಲರೂ ಆ ಓಣಿಯನ್ನೇ ಹುಡುಕಿಕೊಂಡು ಬರುತ್ತಾರೆ. ಅಂಗಡಿಯಲ್ಲಿ ಸಿಗುವ ಸಿದ್ಧ ಸಾಮಾನು ಕಂಡರೆ ಅವನಿಗೆ ಆಗದು. ಗಾಡಿಯ ಕೆಳಗೆ ಅಂಗಾತ ಮಲಗಿ, ರಟ್ಟು ಕತ್ತರಿಸಿ, ದರ್ಜಿಯ ಹಾಗೆ ಹಿಡಿದು ಹಿಡಿದು ಅಳತೆ ನೋಡುತ್ತಾನೆ. ರಟ್ಟು ಸರಿಹೋದ ಮೇಲೆಯೇ ಕಬ್ಬಿಣ. ಮನೆಗೆ ಬಂದ ಒಂದು ರಟ್ಟಿನ ಡಬ್ಬವನ್ನೂ ಇವನ ಕತ್ತರಿಯಿಂದ ಉಳಿಸಿಕೊಳ್ಳಲಾಗಲಿಲ್ಲ ಎಂದು ಅವನ ಹೆಂಡತಿ ಖಮರುನ್ನೀಸಾ ಇಂದಿಗೂ ಗೊಣಗುತ್ತಾಳೆ.

ಅವನದು ಇನ್ನೊಂದು ಪದ್ಧತಿಯಿದೆ. ಯಾವ ಭಾಗಕ್ಕೆ ಎಲ್ಲಿಯ ಕಬ್ಬಿಣ ಹಾಕಿದೆ ಎಂಬುದನ್ನು ಗಿರಾಕಿಗೆ ಹೇಳಿಯೇ ಒಪ್ಪಿಸುತ್ತಾನೆ. ಈ ಪಟ್ಟಿ ಚುಂಚನಕಟ್ಟೆ ಕಡೆಯ ಹಳೇ ಅಕ್ಕಿ ಗಿರಣಿಯದು, ಈ ತಗಡು ಕೆಟ್ಟು ನಿಂತ ಟಿಪ್ಪರಿನದು, ಹೀಗೆ. ಹೆಣ್ಣು ಕೊಡುವವರ ಹಾಗೆ ಕುಲಗೋತ್ರ ಒಪ್ಪಿಸುತ್ತೀಯಲ್ಲ ಎಂದು ನಾನು ರೇಗಿಸುತ್ತಿದ್ದೆ. ಹೇಳಿ ಒಪ್ಪಿಸಿದರೆ ಆ ಕಬ್ಬಿಣದ ಹಳೇ ಋಣ ಅಲ್ಲಿಗೆ ತೀರಿತು ಎಂಬುದು ಅವನ ಲೆಕ್ಕಾಚಾರ. ಇಷ್ಟು ವರ್ಷದಲ್ಲಿ ಒಬ್ಬಳಿಗೆ ಮಾತ್ರ ಅವನು ಪೂರ್ತಿ ಹೇಳಲಿಲ್ಲ. ಅವಳು ರಾಧಾ.

ಹೋದ ವರ್ಷ ಮುಂಗಾರಿಗೆ ಮೊದಲು ರಾಧಾ ತನ್ನ ಗಂಡನ ಜೀಪು ಓಡಿಸಿಕೊಂಡು ಬಂದಳು. ನಲವತ್ತರ ಹೆಂಗಸು, ಅಂತರಸಂತೆಯಾಚೆ ಕಾಡಂಚಿನ ಕಡೆಯವಳು. ಗಂಡ ಉಮಾಶಂಕರ ತೋಟದ ಮನೆಗಳಿಂದ ಹಾಲಿನ ಕ್ಯಾನು ತುಂಬಿಕೊಂಡು ಡೈರಿಗೆ ಹಾಕುತ್ತಿದ್ದನಂತೆ. ಎರಡು ವರ್ಷದ ಹಿಂದೆ ಒಂದು ಸಂಜೆ, ಮಳೆಯಲ್ಲಿ, ಒಂದು ಕಡೆ ಕಾಡು ಒಂದು ಕಡೆ ಕಬಿನಿ ಹಿನ್ನೀರು ಇರುವ ದಾರಿಯಲ್ಲಿ ಜೀಪು ಹೂತುಕೊಂಡಿತು. ಚಕ್ರಕ್ಕೆ ಕಲ್ಲು ಕೊಡಲು ಇವನು ಕೆಳಗಿಳಿದ. ಹಿಂದಿನಿಂದ ಆನೆ ಬಂದದ್ದು ಗೊತ್ತೇ ಆಗಲಿಲ್ಲ. ಅವನು ಹೋದ ಮೇಲೆ ರಾಧಾ ಡ್ರೈವಿಂಗ್ ಕಲಿತು ಅದೇ ಜೀಪಿನಲ್ಲಿ, ಅದೇ ದಾರಿಯಲ್ಲಿ, ಎರಡು ಹೊತ್ತೂ ಹಾಲು ಸಾಗಿಸುತ್ತಿದ್ದಳು.

"ಎಂಥ ಕೆಸರಾದ್ರೂ ನಾನು ಗಾಡಿಯಿಂದ ಕೆಳೀಕ್ ಇಳೀಬಾರ್ದು ಕಣಣ್ಣ. ಅಂಗೆ ಮಾಡ್ಕೊಡಿ" ಎಂದಳು. ಅವಳು ಕೇಳಿದ್ದು ಅಷ್ಟೇ.

ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚು ಹಾಕಿಸು ಎಂದೆ ನಾನು. ಪಾಷಾ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ. ವಿಂಚಿನ ಹಗ್ಗವನ್ನು ಮರಕ್ಕೆ ಕಟ್ಟಲು ಯಾರು ಇಳಿಯಬೇಕು ಎಂದು ಕೇಳಿದ. ಅವನು ಮೂರು ದಿನ ರಟ್ಟು ಕತ್ತರಿಸಿದ. ಜೀಪನ್ನು ನಾಲ್ಕು ಬೆರಳು ಎತ್ತರಿಸಿದ, ಗೇರ್‌ಬಾಕ್ಸಿನಡಿಗೆ ಕೆಸರು ಜಾರಿಹೋಗುವಂತೆ ದಪ್ಪ ತಗಡು ಬಗ್ಗಿಸಿ ಕೂರಿಸಿದ. ಮುಂದಿನ ಚಕ್ರ ನೆಲ ಕಚ್ಚಬೇಕಾದರೆ ಮೂತಿಗೆ ಭಾರ ಬೇಕು ಎಂದು ರೈಲು ಕಂಬಿಯ ತುಂಡೊಂದನ್ನು ಬಂಪರಿಗೆ ತೆಗೆದುಕೊಂಡ. ಒಂದು ಆಳಿನ ತೂಕ ಅದು, ಇಬ್ಬರು ಎತ್ತಿದರೂ ಸೊಂಟ ಹಿಡಿಯುತ್ತಿತ್ತು.

ರೈಲು ಕಂಬಿಗೆ ವೆಲ್ಡಿಂಗ್ ಸುಲಭಕ್ಕೆ ಒಗ್ಗುವುದಿಲ್ಲ. ಮೊದಲೇ ಕಾಯಿಸಬೇಕು, ಆಮೇಲೆ ಮೆಲ್ಲಗೆ ತಣಿಸಬೇಕು. ಅವನು ಅದನ್ನೆಲ್ಲ ಮಾಡಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬೂದಿಯಲ್ಲಿ ಹೂತಿಟ್ಟ. ಮಟಮಟ ಮಧ್ಯಾಹ್ನ, ನಾವು ಊಟಕ್ಕೆ ಕೂತಾಗ ಬೂದಿಯೊಳಗಿಂದ ಠಣ್ ಎಂದಿತು. ಬೆಸುಗೆ ಬಿರುಕು ಬಿಟ್ಟಿತ್ತು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ನಿಂತಿತು. ಅಷ್ಟು ಹೊತ್ತಿಗೆ ಪಾಷಾ ಅನ್ನದ ತಟ್ಟೆಯ ಮುಂದೆ ಕೂತು ಏನನ್ನೋ ಕಾಯುವವನ ಹಾಗೆ ಆಗಿದ್ದ. ನಾನು ರೆಡ್ ಆಕ್ಸೈಡ್ ಹೊಡೆದು ಮೇಲೆ ಮೂರು ಕೋಟು ಮ್ಯಾಟ್ ಬ್ಲ್ಯಾಕ್ ಕೊಟ್ಟೆ. ರಾಧಾ ಬಂದಾಗ ಅವನು ತಗಡಿನ ಊರು, ಬೋಲ್ಟಿನ ಊರು ಎಲ್ಲ ಹೇಳಿದ. ಬಂಪರಿಗೆ ಬಂದಾಗ ರೈಲು ಕಂಬಿ ಎಂದಷ್ಟೇ ಹೇಳಿ ಸುಮ್ಮನಾದ.

ಎರಡು ತಿಂಗಳಿಗೆ ಜೀಪು ವಾಪಸು ಬಂತು. ನಟ್ಟನಡುವೆ ಅಂಗೈಯಗಲ ಬಣ್ಣ ಹೋಗಿತ್ತು. ನನಗೆ ಪಿತ್ತ ನೆತ್ತಿಗೇರಿತು. ಎಲ್ಲಿಗೆ ಗುದ್ದಿದೆಯಮ್ಮ ಎಂದು ಕೇಳಿದೆ. ಎಲ್ಲೂ ಗುದ್ದಿಲ್ಲ ಎಂದಳು. ಉಜ್ಜಿ, ಪ್ರೈಮರ್ ಕೊಟ್ಟು ಮತ್ತೆ ಹೊಡೆದೆ. ಇಪ್ಪತ್ತು ದಿನಕ್ಕೆ ಮತ್ತೆ ಬಂದಳು. ಅದೇ ಜಾಗ, ಅದೇ ಅಂಗೈಯಗಲ. ಬೆರಳಿಟ್ಟರೆ ಬೆಣ್ಣೆಯಷ್ಟು ನುಣುಪು. ಯಾವನಾದರೂ ಮಂತ್ರಗಾರನ ಕೈಗೆ ಜೀಪು ಕೊಟ್ಟಿದ್ದೀಯಾ ಎಂದು ನಾನು ತಲೆಕೆಟ್ಟು ಕೇಳಿದೆ. ಆಗ ರಾಧಾ ಬಾಯಿಬಿಟ್ಟಳು.

ಬೆಳಗಿನ ಹೊತ್ತು ಹಾಲಿಗೆ ಹೋಗುವಾಗ ಆನೆಗಳು ದಾರಿಗೆ ಬರುತ್ತವಂತೆ. ಮೊದಲ ದಿನ ಅವಳು ಕಣ್ಣು ಮುಚ್ಚಿಕೊಂಡು ಕೂತಳಂತೆ, ಇವತ್ತಿಗೆ ತನ್ನ ಕಥೆಯೂ ಮುಗಿಯಿತು ಎಂದು. ಒಂದು ಮುದಿ ಹೆಣ್ಣಾನೆ ಮುಂದೆ ಬಂದು ಬಂಪರಿನ ಮೇಲೆ ಸೊಂಡಿಲಿಟ್ಟು ನಿಂತಿತು. ಎಷ್ಟೋ ಹೊತ್ತು ನಿಂತಿದ್ದು ಹೊರಟುಹೋಯಿತು. ಮಾರನೆಯ ದಿನವೂ ಬಂತು. ಆಮೇಲೆ ದಿನವೂ ಬರುತ್ತಿತ್ತು. ಇವಳು ಎಂಜಿನ್ ಆಫ್ ಮಾಡಿ ಕಾಯುತ್ತಾಳೆ, ಹಾಲು ತಡವಾದರೆ ಡೈರಿಯವರಿಂದ ಬೈಸಿಕೊಳ್ಳುತ್ತಾಳೆ.

"ತಪ್ಪಾಯ್ತು ಅಂತ ಕೇಳಕ್ ಬತ್ತವೆ ಕಣಣ್ಣ" ಎಂದಳು ರಾಧಾ. "ನಮ್ಮೋರ ಗಾಡಿ ಅಂತ ಅವಕ್ಕೆ ಗೊತ್ತು."

ಅವಳ ಮುಖ ನೋಡಿದೆ. ಹೆಂಗಸು ಮೈಕೈ ತುಂಬಿಕೊಂಡಿದ್ದಳು, ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಈಗ ಚೆನ್ನಾಗಿ ನಿದ್ದೆ ಬರುತ್ತೆ, ಊಟ ಸೇರುತ್ತೆ ಎಂದು ಅವಳೇ ಹೇಳಿದಳು. ನನಗೆ ಮೈ ಜುಮ್ಮೆಂದಿತು, ಆದರೂ ಸಂತೋಷವಾಯಿತು. ಪಾಷಾನ ಕಡೆ ತಿರುಗಿದರೆ ಅವನು ನುಗ್ಗೆಮರಕ್ಕೆ ಕೈಯೂರಿ ನಿಂತಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ.

ಮತ್ತೆ ಬಣ್ಣ ಹೊಡೆಸಿಕೊಂಡು ಅವಳು ಹೋದ ಮೇಲೆ ಪಾಷಾ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ. ಆ ಕಂಬಿ ರೈಲಿನದಲ್ಲ, ಅಂದರೆ ನೇರವಾಗಿ ರೈಲು ಹಳಿಯಿಂದ ಬಂದದ್ದಲ್ಲ. ಆನೆ ಊರಿಗೆ ಬಾರದಿರಲೆಂದು ಕಾಡಂಚಿಗೆ ಹಳೇ ರೈಲು ಕಂಬಿಯ ಬೇಲಿ ಹಾಕಿರುತ್ತಾರಲ್ಲ, ಅಲ್ಲಿಯದು. ಅಂತರಸಂತೆಯಾಚೆ ಒಂದು ಎಳೇ ಆನೆ ಆ ಬೇಲಿ ದಾಟಲು ಹೋಗಿ, ಎರಡು ಕಂಬಿಯ ನಡುವೆ ಹೊಟ್ಟೆ ಸಿಕ್ಕಿಕೊಂಡು ಸತ್ತಿತ್ತು. ಅದನ್ನು ಬಿಡಿಸಲು ಕತ್ತರಿಸಿದ ತುಂಡು ಕೈಯಿಂದ ಕೈಗೆ ದಾಟಿ, ಊರೂರು ತಿರುಗುವ ಗುಜರಿಯವನೊಬ್ಬನ ಗಾಡಿ ಸೇರಿತ್ತು. ಅವನೇ ಪಾಷಾನಿಗೆ ಇದನ್ನೆಲ್ಲ ಹೇಳಿ ಕೊಟ್ಟುಹೋಗಿದ್ದ.

"ಅದ್ರ ಮೇಲೆ ಕೂದ್ಲಿತ್ತು ನಂಜಣ್ಣ" ಎಂದ ಪಾಷಾ. "ದಪ್ಪ ಕೂದ್ಲು. ನಡುವಲ್ಲೇ ಅಂಟ್ಕೊಂಡಿತ್ತು. ಗ್ಯಾಸಲ್ಲಿ ಸುಟ್ಟೆ. ಬೆಂಕಿ ಕಂಡ್ಮೇಲೆ ಮುಗೀತು ಅನ್ಕೊಂಡೆ."

ಆನೆಗೆ ಸಿಕ್ಕಿ ಸತ್ತವನ ಹೆಂಡತಿಗೆ ಆನೆ ಸತ್ತ ಕಬ್ಬಿಣ ಎಂದು ಯಾವ ಬಾಯಲ್ಲಿ ಹೇಳಲಿ ಎಂದು ಅವತ್ತು ನುಂಗಿಕೊಂಡಿದ್ದನಂತೆ. ನನಗೆ ಅವನ ಮೇಲೆ ಕೆಟ್ಟ ಕೋಪ ಬಂತು. ಅಲ್ಲಯ್ಯ, ಅಕ್ಕಿ ಗಿರಣಿಯ ತುಕ್ಕು ಪಟ್ಟಿಗೆಲ್ಲ ಪುರಾಣ ಹೇಳುತ್ತೀಯ, ಹೇಳಬೇಕಾದ ಒಂದನ್ನು ಬಚ್ಚಿಟ್ಟೆಯಲ್ಲ ಎಂದು ಬಾಯಿಗೆ ಬಂದ ಹಾಗೆ ಬೈದೆ. ಖಮರುನ್ನೀಸಾ ಬಾಗಿಲ ಹಿಂದಿನಿಂದಲೇ ನನ್ನ ಮಾತಿಗೆ ದನಿಗೂಡಿಸಿದಳು, ನಾಳೆಯೇ ಹೋಗಿ ಹೇಳಿ ಬಂಪರು ಬಿಚ್ಚಿಕೊಂಡು ಬನ್ನಿ ಎಂದಳು. ಕಾಡಿನ ಪ್ರಾಣಿ ಇವತ್ತು ಮುಟ್ಟಿ ಹೋಗುತ್ತದೆ, ನಾಳೆ ಏನು ಮಾಡುತ್ತದೋ ಯಾರು ಬಲ್ಲರು. ಹೇಳಿದರೆ ರಾಧಾಳಿಗೆ ಬಂದ ನೆಮ್ಮದಿ ಹೋಗುತ್ತದೆ, ಹೇಳದಿದ್ದರೆ ಅವಳ ಜೀವವೇ ಹೋದೀತು. ಪಾಷಾ ಮೊದಲು ಕಣ್ಣಾರೆ ನೋಡುತ್ತೇನೆ ಎಂದ.

ಮುಂದಿನ ವಾರ ನಸುಕಿನಲ್ಲಿ ನಾವಿಬ್ಬರೂ ಅವಳ ಜೀಪಿನಲ್ಲಿದ್ದೆವು. ಬೋಲ್ಟು ಸಡಿಲವಾಗಿದೆಯೋ ಏನೋ, ಓಡುವಾಗ ನೋಡಬೇಕು ಎಂದು ಅವಳಿಗೆ ಸುಳ್ಳು ಹೇಳಿದ್ದ. ನಾನು ಮುಂದೆ, ಪಾಷಾ ಹಿಂದೆ ಕ್ಯಾನುಗಳ ನಡುವೆ. ಹಿನ್ನೀರಿನ ಮೇಲಿಂದ ಮಂಜು ಎದ್ದು ದಾರಿಗೆ ಬಂದಿತ್ತು. ತಿರುವಿನಲ್ಲಿ ರಾಧಾ ತಾನಾಗಿಯೇ ನಿಲ್ಲಿಸಿ ಕೀಲಿ ತಿರುಗಿಸಿದಳು. ನನಗೆ ಏನೂ ಕಾಣಲಿಲ್ಲ. ಜೋರಾಗಿ ಉಸಿರು ಬಿಡಬೇಡಿ ಎಂದಳು. ಎದುರಿಗೆ ಮಂಜೇ ಅಲ್ಲಾಡಿದಂತಾಗಿ ನೋಡಿದರೆ ಅದು ಮಂಜಲ್ಲ, ಹಣೆ.

ಆರೋ ಏಳೋ ಇದ್ದವು. ಅಷ್ಟು ದೊಡ್ಡ ಮೈಗಳು, ಒಂದು ಕಡ್ಡಿ ಮುರಿದ ಸದ್ದಿಲ್ಲ. ಮುದಿಯದರ ಎಡಗಿವಿ ಹರಿದಿತ್ತು. ಅದು ಬಂದು ಸೊಂಡಿಲ ತುದಿಯನ್ನು ಬಂಪರಿನ ನಡುವೆ, ನಾನು ಮೂರನೆಯ ಸಲ ಬಣ್ಣ ಹೊಡೆದ ಜಾಗದಲ್ಲೇ ಇಟ್ಟಿತು. ಒದ್ದೆ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಸೊಂಡಿಲು ಅಲ್ಲೇ ಹಿಂದೆ ಮುಂದೆ, ಹಿಂದೆ ಮುಂದೆ ಸವರಿತು. ಆಮೇಲೆ ಅದು ಪೂರಾ ಹಿಂದಕ್ಕೆ ತಿರುಗಿ, ಬೆನ್ನು ನಮ್ಮ ಕಡೆ ಮಾಡಿ, ಹಿಂಗಾಲನ್ನು ಮೆಲ್ಲಗೆ ಎತ್ತಿ ಪಾದವನ್ನು ಕಬ್ಬಿಣಕ್ಕೆ ತಾಗಿಸಿತು. ಕತ್ತಲಲ್ಲಿ ಮಲಗಿದವರನ್ನು ತುಳಿಯಬಾರದೆಂದು ಕಾಲಿನಿಂದ ತಡಕುತ್ತೇವಲ್ಲ, ಹಾಗೆ. ಉಳಿದವೂ ಒಂದೊಂದಾಗಿ ಬಂದು ಮುಟ್ಟಿದವು. ಜೀಪು ತೊಟ್ಟಿಲಿನಷ್ಟು ಅಲುಗಿತು.

ರಾಧಾ ಪಿಸುದನಿಯಲ್ಲಿ ಮಾತಾಡುತ್ತಿದ್ದಳು. "ಆಯ್ತು, ಓಗವ್ವ. ನಮ್ಮೋರೂ ನಿನ್ನ ಬೈಕೊಳಲ್ಲ. ನಂಗೂ ಕ್ವಾಪ ಇಲ್ಲ ಬುಡು."

ಹಿಂದೆ ಪಾಷಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ. ವಾಪಸು ಬರುವಾಗ ಹೇಳುತ್ತೇನೆ ಎಂದಿದ್ದವನು ಹೇಳಲಿಲ್ಲ. ಹುಣಸೂರಿನ ಬಸ್ಸಿನಲ್ಲಿ ನಾನು ಮತ್ತೆ ಬೈದೆ. ಆ ಮಾತು ಕೇಳಿದ ಮೇಲೆ ಹೇಗೆ ಹೇಳಲಿ ಎಂದ. ಮನೆಯಲ್ಲಿ ಖಮರುನ್ನೀಸಾ ಅವನ ಹತ್ತಿರ ಮಾತು ಬಿಟ್ಟಳು. ಅವನೂ ಸರಿಯಾಗಿ ಕೆಲಸ ಮಾಡಲಿಲ್ಲ. ಮೆಷಿನ್ ಹಾಕಿ, ರಾಡು ಹಿಡಿದು, ಕಬ್ಬಿಣಕ್ಕೆ ತಾಗಿಸದೆ ಹಾಗೇ ಕೂತಿರುತ್ತಿದ್ದ. ಒಮ್ಮೊಮ್ಮೆ ಕೆಟ್ಟ ಕಿವಿಯ ಮೇಲೆ ಕೈಯಿಟ್ಟುಕೊಂಡು, ಇದರಲ್ಲಿ ಏನೋ ಉಸಿರಾಡಿದ ಹಾಗೆ ಕೇಳುತ್ತೆ ಎನ್ನುತ್ತಿದ್ದ. ಹತ್ತು ವರ್ಷದಿಂದ ಆ ಕಿವಿಯಲ್ಲಿ ಗುಡುಗೂ ಕೇಳಿದ್ದಿಲ್ಲ.

ಹದಿನೈದು ದಿನಕ್ಕೆ ರಾಧಾ ಬಂದಳು. ನಡುವಿನ ಬಣ್ಣ ಮತ್ತೆ ಹೋಗಿತ್ತು, ಬಂಪರು ಒಂದು ಕಡೆಗೆ ವಾಲಿತ್ತು. ಪಾಷಾ ಕೆಳಗೆ ಮಲಗಿ ನೋಡಿದರೆ ಎರಡು ಬೋಲ್ಟು ಎಳೆತಕ್ಕೆ ಉದ್ದವಾಗಿ ನಡು ಸಣ್ಣಗಾಗಿದ್ದವು. ಮೂರು ದಿನದಿಂದ ಮುದಿಯಾನೆ ಸುಮ್ಮನೆ ಮುಟ್ಟಿ ಹೋಗುತ್ತಿಲ್ಲವಂತೆ. ಸೊಂಡಿಲು ಸುತ್ತಿ ಎಳೆಯುತ್ತದಂತೆ. ನಿನ್ನೆ ಬ್ರೇಕು ಒತ್ತಿ ಹಿಡಿದಿದ್ದರೂ ಜೀಪನ್ನು ಹಿನ್ನೀರಿನ ಇಳಿಜಾರಿನ ಕಡೆಗೆ ಎರಡು ಮಾರು ಎಳೆದುಕೊಂಡು ಹೋಗಿತ್ತು. ಇನ್ನೊಂದು ಮಾರು ಎಳೆದಿದ್ದರೆ ಜೀಪು, ಹಾಲು, ಇವಳು, ಎಲ್ಲ ನೀರಿನೊಳಗೆ. ಇದನ್ನೆಲ್ಲ ಅವಳು ನಗುನಗುತ್ತಾ ಹೇಳಿದಳು.

"ಜೊತೇಲಿ ಬಾ ಅಂತ ಕರೀತವೆ ಕಣಣ್ಣ. ನಮ್ಮೋರು ಅಲ್ಲೆಲ್ಲೋ ಅವ್ರೇನೋ. ಇದ್ನ ಇನ್ನೂ ಗಟ್ಟಿಯಾಗಿ ಕೂರ್ಸಿ, ಕಿತ್ತು ಬರ್ದಂಗೆ."

ಪಾಷಾ ಜೀಪಿನ ಕೆಳಗಿನಿಂದ ಎದ್ದು ಬರಲು ತುಂಬಾ ಹೊತ್ತು ತೆಗೆದುಕೊಂಡ. ಬಂದವನು ಟೋಪಿ ತೆಗೆದು, ಅವಳ ಮುಂದೆ ನೆಲದ ಮೇಲೆ ಕೂತು, ಎಲ್ಲ ಹೇಳಿದ. ಬೇಲಿ, ಎಳೇ ಆನೆ, ಕತ್ತರಿಸಿದ ಕಂಬಿ, ಕೂದಲು ಸುಟ್ಟದ್ದು, ಯಾವುದನ್ನೂ ಬಿಡಲಿಲ್ಲ. ಅವು ಬರುವುದು ಕಬ್ಬಿಣಕ್ಕೆ ಎಂದ. ತಪ್ಪಾಯ್ತು ಎನ್ನುವುದಕ್ಕಲ್ಲ ಎಂಬುದು ಮಾತ್ರ ಅವನ ಬಾಯಲ್ಲಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ರಾಧಾ ಬಂಪರನ್ನೇ ನೋಡುತ್ತಾ ಕೂತಳು. ಖಮರುನ್ನೀಸಾ ತಂದಿಟ್ಟ ಟೀ ಆರಿತು. ನಾನು ಇನ್ನೇನು ಇವಳು ಸ್ಪಾನರು ತೆಗೆದು ಪಾಷಾನ ತಲೆಗೆ ಹಾಕುತ್ತಾಳೆ ಎಂದುಕೊಂಡೆ, ಹಾಕಿದ್ದರೂ ತಪ್ಪು ಎನ್ನುತ್ತಿರಲಿಲ್ಲ.

"ಎಷ್ಟು ವಯಸ್ಸಾಗಿತ್ತಣ್ಣ ಅದ್ಕೆ?" ಎಂದು ಕೇಳಿದಳು.

ಏಳೋ ಎಂಟೋ ವರ್ಷ ಎಂದು ಗುಜರಿಯವನು ಹೇಳಿದ್ದ ಎಂದ ಪಾಷಾ.

"ಬಿಚ್ಚಿ" ಎಂದಳು. "ನೀವು ಅವತ್ತೇ ಯೋಳ್ಬೇಕಿತ್ತು. ಮೂರು ತಿಂಗ್ಳು ನಾನು ಅವುಗಳ ಮುಂದೆ ನಮ್ಮೋರ ಎಸ್ರು ಯೋಳ್ಕೊಂಡು ಕೂತಿದ್ನಲ್ಲ" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಪಾಷಾನಿಗೆ ಒಳ್ಳೆಯದಿತ್ತು.

ಬಿಚ್ಚಿದ ಬಂಪರನ್ನು ಗುಜರಿಗೆ ಹಾಕಲು ಪಾಷಾ ಒಪ್ಪಲಿಲ್ಲ. ಇನ್ನೊಬ್ಬ ಅದನ್ನು ಗೇಟೋ ಟ್ರೇಲರೋ ಮಾಡುತ್ತಾನೆ, ಅವನ ಮನೆಯ ಮುಂದೆ ಆನೆಗಳು ಬಂದು ನಿಲ್ಲುತ್ತವೆ ಎಂದ. ಅವತ್ತೇ ಮಧ್ಯಾಹ್ನ ಮೂವರೂ ಹೋಗಿ, ಕತ್ತರಿಸಿದ್ದರ ಬದಲಿಗೆ ಬೇಲಿಯಲ್ಲಿ ಹೊಸ ಕಂಬಿ ಕೂರಿಸಿದ್ದ ಜಾಗ ಹುಡುಕಿ, ಅದರ ಬುಡದಲ್ಲಿ ಇಟ್ಟೆವು. ಇಡುವ ಮೊದಲು ನಾನು ಬಣ್ಣವನ್ನೆಲ್ಲ ಕೆರೆದು ತೆಗೆದಿದ್ದೆ. ಪಾಷಾ ಎರಡೂ ಕೈಯೆತ್ತಿ ಏನೋ ಹೇಳಿಕೊಂಡ. ಕಾಡಿನೊಳಗೆ ಒಂದು ಹಕ್ಕಿಯೂ ಕೂಗಲಿಲ್ಲ. ಯಾರೋ ಮರದ ಹಿಂದೆ ನಿಂತು ನಾವು ಹೋಗಲೆಂದು ಕಾಯುತ್ತಿದ್ದಾರೆ ಎನಿಸಿ ನಾನೇ ಮೊದಲು ಜೀಪು ಹತ್ತಿದೆ.

ನಾಳೆ ಬೆಳಗ್ಗೆ ನೀವಿಬ್ಬರೂ ಜೊತೆಗಿರಬೇಕು ಎಂದು ರಾಧಾ ಕೇಳಿದಳು. ಅವತ್ತು ಅವಳ ಮನೆಯ ಜಗಲಿಯಲ್ಲೇ ಮಲಗಿದೆವು. ಬೆಳಗ್ಗೆ ಅದೇ ತಿರುವಿನಲ್ಲಿ ಅವಳು ಜೀಪು ನಿಲ್ಲಿಸಿ ಎಂಜಿನ್ ಆಫ್ ಮಾಡಿದಳು. ಮುಂದೆ ಬಂಪರಿಲ್ಲದ ಜೀಪು ಹಲ್ಲು ಬಿದ್ದ ಬಾಯಿಯ ಹಾಗಿತ್ತು. ಆನೆಗಳು ಬಂದವು. ಹಿನ್ನೀರಿನ ಕಡೆಯಿಂದ ಬಂದು, ನಮ್ಮ ಮುಂದೆ ಹತ್ತು ಅಡಿಯಲ್ಲಿ ದಾರಿ ದಾಟಿದವು. ಮುದಿಯದು ಎಲ್ಲಕ್ಕಿಂತ ಹಿಂದಿತ್ತು. ಜೀಪು ಅಲ್ಲಿದೆಯೆಂದೇ ಅದಕ್ಕೆ ಗೊತ್ತಿಲ್ಲದ ಹಾಗೆ, ಸೊಂಡಿಲು ಸಹ ಈ ಕಡೆ ಎತ್ತದೆ, ಬೇಲಿಯ ದಿಕ್ಕಿಗೆ ಹೊರಟುಹೋಯಿತು.

ಜೀವ ಉಳಿಯಿತು ಎಂದು ನಾನು ಉಸಿರು ಬಿಟ್ಟೆ. ಇನ್ನು ಹೊರಡೋಣ ಎಂದೆ. ರಾಧಾ ಕೀಲಿಗೆ ಕೈ ಹಾಕಲಿಲ್ಲ. ಮಂಜು ಕರಗಿ ದಾರಿ ಉದ್ದಕ್ಕೂ ಖಾಲಿ ಕಾಣುವವರೆಗೂ ಕಾದಳು.

"ಅವಕ್ಕೆ ನಮ್ಮೋರು ಯಾರು ಅಂತಾನೇ ಗೊತ್ತಿಲ್ಲ ಕಣಣ್ಣ" ಎಂದಳು.

ಆಮೇಲೆ ಸ್ಟೇರಿಂಗ್ ಮೇಲೆ ತಲೆಯಿಟ್ಟು, ಉಮಾಶಂಕರ ಅವತ್ತೇ, ಅಲ್ಲೇ ಸತ್ತು ಬಿದ್ದಿದ್ದಾನೆ ಎಂಬಂತೆ ಅತ್ತಳು. ಪಾಷಾ ಕ್ಯಾನುಗಳ ನಡುವಿನಿಂದ ಕೈ ಚಾಚಿದವನು ಅವಳನ್ನು ಮುಟ್ಟಲು ಧೈರ್ಯ ಬಾರದೆ, ಆ ಕೈಯನ್ನು ಸೀಟಿನ ಬೆನ್ನ ಮೇಲೆ ಇಟ್ಟುಕೊಂಡು ಕೂತ.